ಒಬ್ಬರನ್ನು ಬೇರೆ ಶಿಫ್ಟ್‌ಗೆ ಹಾಕುವ ಮೊದಲು ಮೆಷಿನ್ ಹತ್ತಿರ ನಿಂತು ನೋಡಿ

ನಿಮ್ಮ ಪ್ರಶ್ನೆ ಇದು: ಒಂದೇ ಸಿಎನ್‌ಸಿ ಲೇತ್ (ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹ ಕಡೆಯುವ ಮೆಷಿನ್) ಮೇಲೆ ಬೇರೆ ಬೇರೆ ಶಿಫ್ಟ್‌ನಲ್ಲಿ ನಿಲ್ಲುವ ಇಬ್ಬರು ಆಪರೇಟರ್‌ಗಳು ಮಾತು ಬಿಟ್ಟಿದ್ದಾರೆ, ರಿಜೆಕ್ಷನ್ (ಅಳತೆ ತಪ್ಪಿ ತಿರಸ್ಕಾರವಾದ ಪೀಸ್) ಬಂದಾಗಲೆಲ್ಲ ಒಬ್ಬರ ತಲೆಗೆ ಒಬ್ಬರು ಕಟ್ಟುತ್ತಾರೆ, ಒಬ್ಬರನ್ನು ಬೇರೆ ಶಿಫ್ಟ್‌ಗೆ ಹಾಕಿಬಿಡಲೇ?

ಸದ್ಯಕ್ಕೆ ಬೇಡ. ಪೀಣ್ಯದಲ್ಲಿ ಶಿಫ್ಟ್ ಇನ್‌ಚಾರ್ಜ್ ಆಗಿದ್ದಾಗ ಇಂಥ ಜೋಡಿಗಳನ್ನು ಬಹಳ ನೋಡಿದ್ದೇನೆ. ಒಬ್ಬನನ್ನು ಎತ್ತಂಗಡಿ ಮಾಡಿದರೆ, ಆ ಜಾಗಕ್ಕೆ ಬಂದವನೂ ಸ್ವಲ್ಪ ದಿನಕ್ಕೆ ಅದೇ ಜಗಳ ಶುರು ಮಾಡುತ್ತಾನೆ. ಜಗಳದ ಬೇರು ಇರುವುದು ಶಿಫ್ಟ್ ಕೈ ಬದಲಾಗುವ ಆ ಹತ್ತಿಪ್ಪತ್ತು ನಿಮಿಷದಲ್ಲಿ.

ಹೇಗೆ ಅಂದರೆ, ಇನ್ಸರ್ಟ್, ಅಂದರೆ ಲೋಹ ಕತ್ತರಿಸುವ ಬಿಡಿ ಅಲಗು, ಸವೆದಂತೆಲ್ಲ ಪೀಸಿನ ಹೊರವ್ಯಾಸ ದೊಡ್ಡದಾಗುತ್ತಾ ಹೋಗುತ್ತದೆ. ಆಪರೇಟರ್ ಆಫ್‌ಸೆಟ್‌ನಲ್ಲಿ (ಟೂಲ್ ಇರುವ ಜಾಗಕ್ಕೆ ಮೆಷಿನ್‌ನಲ್ಲಿ ಕೊಡುವ ತಿದ್ದುಪಡಿ) ಐದೋ ಹತ್ತೋ ಮೈಕ್ರಾನ್ ಕೊಟ್ಟು ಸೈಜ್ ಹಿಡಿದಿಟ್ಟುಕೊಳ್ಳುತ್ತಾನೆ. ಶಿಫ್ಟ್ ಮುಗಿಯಲು ಅರ್ಧ ಗಂಟೆ ಇದೆ, ಟಾರ್ಗೆಟ್ ಮುಟ್ಟಿಲ್ಲ ಎಂದಾಗ ಅವನು ಇನ್ಸರ್ಟ್ ಬದಲಾಯಿಸಲು ಮೆಷಿನ್ ನಿಲ್ಲಿಸುವುದಿಲ್ಲ, ಸವೆದದ್ದರಲ್ಲೇ ಎಳೆಯುತ್ತಾನೆ. ಮುಂದಿನವನು ಬಂದು ಮೆಷಿನ್ ಆನ್ ಮಾಡಿದರೆ ಮೊದಲ ನಾಲ್ಕು ಪೀಸ್ ಓವರ್‌ಸೈಜ್. ಇನ್ಸರ್ಟ್ ಬದಲಾವಣೆ, ಸೆಟ್ಟಿಂಗ್, ಫಸ್ಟ್ ಪೀಸ್ ತಪಾಸಣೆ ಎಲ್ಲವೂ ಇವನ ಸಮಯದಲ್ಲಿ, ರಿಜೆಕ್ಷನ್ನೂ ಇವನ ಹೆಸರಿನಲ್ಲಿ. ಎಷ್ಟೇ ಒಳ್ಳೆಯವನಾದರೂ ಇವನಿಗೆ ಸಿಟ್ಟು ಬರದೇ ಇರುತ್ತದೆಯೇ? ಮೇಲಾಗಿ ಮಧ್ಯೆ ಮೆಷಿನ್ ನಿಂತು ತಣ್ಣಗಾಗಿದ್ದರೆ ಸೈಜ್ ತಾನಾಗಿಯೇ ಸ್ವಲ್ಪ ಬದಲಾಗುತ್ತದೆ. ಆ ತಪ್ಪು ಯಾರದೂ ಅಲ್ಲ, ಆದರೂ ಬೈಗುಳ ಹಿಂದಿನ ಶಿಫ್ಟ್‌ನವನಿಗೇ.

ಆದ್ದರಿಂದ ಮೊದಲು ಲಾಗ್ ಬುಕ್ ತೆಗೆಯಿರಿ. ರಿಜೆಕ್ಷನ್‌ಗಳು ಶಿಫ್ಟಿನ ಮೊದಲ ಗಂಟೆಯಲ್ಲೇ ಸೇರಿಕೊಂಡಿವೆಯೇ ನೋಡಿ. ಹಾಗಿದ್ದರೆ, ಇನ್ಸರ್ಟಿನ ಒಂದು ಎಡ್ಜ್‌ಗೆ (ಕತ್ತರಿಸುವ ಅಂಚಿಗೆ) ಎಷ್ಟು ಪೀಸ್ ಎಂದು ನಿಗದಿ ಮಾಡಿ. ಆ ಸಂಖ್ಯೆ ಯಾರ ಕೈಯಲ್ಲಿ ತುಂಬುತ್ತದೋ ಅವರೇ ಬದಲಾಯಿಸಲಿ. ಸೆಟ್ಟಿಂಗ್ ಸಮಯವನ್ನು ಅವರ ಉತ್ಪಾದನೆಯ ಲೆಕ್ಕದಿಂದ ಬೇರೆ ಬರೆಯಿರಿ. ಇದಕ್ಕೆ ನೀವು ಪ್ರೊಡಕ್ಷನ್ ಮ್ಯಾನೇಜರ್ ಹತ್ತಿರ ಹೋಗಿ ಪಟ್ಟು ಹಿಡಿಯಬೇಕಾಗುತ್ತದೆ, ಹಿಡಿಯಿರಿ. ಹೋಗುವವನು ಮಾಡಿದ ಕೊನೆಯ ಪೀಸನ್ನು ಇಬ್ಬರೂ ಒಂದೇ ಮೈಕ್ರೋಮೀಟರ್‌ನಲ್ಲಿ ಅಳೆದು, ಬರೆದು, ಸಹಿ ಹಾಕಲಿ. ಮಾತು ಬಿಟ್ಟವರಿಗೂ ಆಗ ಆಡಲು ಒಂದು ವಿಷಯ ಇರುತ್ತದೆ.

ಮನಸ್ಸಿಗಾದ ನೋವು ಇಷ್ಟಕ್ಕೇ ಹೋಗುವುದಿಲ್ಲ. ಇಬ್ಬರನ್ನೂ ಬೇರೆ ಬೇರೆಯಾಗಿ ಕರೆದು, ಪೂರ್ತಿ ಕೇಳಿ. ಕ್ಯಾಂಟೀನ್‌ನಲ್ಲಿ ನಾಲ್ಕು ಜನರ ಮುಂದೆ ಕೈ ಕುಲುಕಿಸಬೇಡಿ. ಇಪ್ಪತ್ತು ವರ್ಷ ಲೇತ್ ಮುಂದೆ ನಿಂತ ಹಿರಿಯರಿಗೆ ಅದು ಅವಮಾನ, ಐಟಿಐ ಮುಗಿಸಿ ಬಂದ ಹುಡುಗನಿಗೆ ನಾಟಕ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಕಿವಿಗೆ ಹಾಕಲೇಬೇಡಿ. ಹುಡುಗ ‘ಅಣ್ಣ’ ಎನ್ನುವುದನ್ನು ಬಿಟ್ಟಿದ್ದರೆ, ಯಾವತ್ತಿನಿಂದ ಬಿಟ್ಟ ಎಂದು ಕೇಳಿ. ಬಹಳ ಸಲ ಎಲ್ಲರೆದುರು ಆಡಿದ ಒಂದು ಮಾತು ಅಲ್ಲಿ ಸಿಗುತ್ತದೆ, ಅದಕ್ಕೆ ಆಡಿದವರೇ ಕ್ಷಮೆ ಕೇಳಬೇಕು.

ಒಂದು ವಿಷಯದಲ್ಲಿ ಮಾತ್ರ ರಾಜಿ ಪಂಚಾಯಿತಿಗೆ ಕೂರಬೇಡಿ. ಜಾತಿ ಎತ್ತಿ ಬೈದಿದ್ದರೆ, ಹೊಡೆದಿದ್ದರೆ, ಹೆಣ್ಣುಮಗಳಿಗೆ ಕಿರುಕುಳ ಕೊಟ್ಟಿದ್ದರೆ ಅದನ್ನು ‘ಹೊಂದಾಣಿಕೆ ಸಮಸ್ಯೆ’ ಎಂದು ಕರೆಯುವುದೇ ಅನ್ಯಾಯ. 2013ರ ಕಾಯ್ದೆಯ ಪ್ರಕಾರ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. ಘಟನೆಯಾದ 3 ತಿಂಗಳೊಳಗೆ ಲಿಖಿತ ದೂರು ಹೋಗಬೇಕು. ರಾಜಿಯ ಮಾತು ದೂರು ಕೊಟ್ಟ ಮಹಿಳೆ ತಾನಾಗಿ ಕೇಳಿದರೆ ಮಾತ್ರ, ಅದೂ ದುಡ್ಡಿನ ಮೇಲೆ ಅಲ್ಲ.

ಇವರಿಬ್ಬರದು ಅಂಥದ್ದಲ್ಲದಿದ್ದರೆ, ಹೊಸ ಪದ್ಧತಿಗೆ ಒಂದೆರಡು ತಿಂಗಳು ಕೊಡಿ. ಮೊದಲ ಗಂಟೆಯ ರಿಜೆಕ್ಷನ್ ಇಳಿದ ಮೇಲೂ ಹಗೆ ಹಾಗೇ ಇದ್ದರೆ ಆಗ ಬೇರೆ ಮಾಡಿ. ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಒಂದೇ ಕಾರಣ ಹೇಳಿ, ಹೋಗುವವರ ಗ್ರೇಡು, ಓಟಿ ಎರಡಕ್ಕೂ ಪೆಟ್ಟು ಬೀಳದಂತೆ ನೋಡಿಕೊಳ್ಳಿ.