ಸಣ್ಣ ಟರ್ನಿಂಗ್ ಶಾಪ್‌ಗೆ ಗಿರಾಕಿ ಕಾರ್ಬನ್ ಲೆಕ್ಕ ಕೇಳುತ್ತಿದ್ದಾರೆ. ಮೆಷಿನ್‌ಗಳಿಗೆ ಯಾವ ಐಒಟಿ (ಸೆನ್ಸರ್ ಹಾಕಿ ಇಂಟರ್ನೆಟ್‌ಗೆ ಜೋಡಿಸುವ) ಸಿಸ್ಟಂ ಹಾಕಿಸಬೇಕು?

ನೀವು ಬರೆದದ್ದು ಓದಿ ನಮ್ಮ ಶೆಡ್ಡೇ ಕಣ್ಣಿಗೆ ಬಂತು. ಮಾಲೂರಿನಲ್ಲಿ ನಿಮ್ಮ ಎಂಟು ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಲೇತ್. ಯುರೋಪಿಗೆ ಮಾಲು ಕಳಿಸುವ ದೊಡ್ಡ ಗಿರಾಕಿ. ಕಾರ್ಬನ್ ಲೆಕ್ಕ ತುಂಬಿಸಲು ಅವರಿಂದ ಬಂದ ಎಕ್ಸೆಲ್ ಶೀಟ್. ಜೊತೆಗೆ ಸಿಸ್ಟಂ ಮಾರುವವರ ಆರು ಲಕ್ಷದ ಕೊಟೇಶನ್: ಪ್ರತಿ ಮೆಷಿನ್‌ಗೂ ಸೆನ್ಸರ್, ಕ್ಲೌಡ್, ಎಐ. ನಾನು ತುಮಕೂರಿನ ಅಂತರಸನಹಳ್ಳಿಯಲ್ಲಿ ಇಂಥದ್ದೇ ಶಾಪ್ ನಡೆಸುತ್ತೇನೆ. ಬುಷ್, ಪಿನ್, ಸ್ಪೇಸರ್, ಸ್ವಲ್ಪ ಸ್ಪೆಷಲ್ ಬೋಲ್ಟ್. ಇಂಥದ್ದೇ ಸಿಸ್ಟಂ ಹಾಕಿಸಿ ದುಡ್ಡು ಕಳೆದುಕೊಂಡವರು ನಾವು. ಆ ಕೊಟೇಶನ್‌ಗೆ ಈಗಲೇ ಪಿಒ (ಖರೀದಿ ಆರ್ಡರ್) ಕೊಡಬೇಡಿ.

ನಮಗೆ ಮಾರಿದವರ ಮಾತು ಕಾಗದದ ಮೇಲೆ ಸರಿಯಾಗಿಯೇ ಇತ್ತು. ಮೆಷಿನ್ ಸುಮ್ನೆ ನಿಂತಿದ್ದರೂ ಹೈಡ್ರಾಲಿಕ್ ಪಂಪ್, ಪ್ಯಾನಲ್ ಫ್ಯಾನ್ ಓಡುತ್ತಲೇ ಇರುತ್ತವೆ. ಆ ಕರೆಂಟ್‌ಗೆ ಒಂದು ಪೀಸೂ ಬರುವುದಿಲ್ಲ. ನಿಲ್ಲುವ ಸಮಯ ಕಡಿಮೆಯಾದರೆ ಪೀಸಿಗೆ ತಗಲುವ ಯೂನಿಟ್ ಇಳಿಯುತ್ತದೆ, ಕಾರ್ಬನ್ನೂ ಇಳಿಯುತ್ತದೆ. ಒಪ್ಪಿಕೊಂಡೆವು. ಮೆಷಿನ್‌ನಲ್ಲಿ ಪೀಸನ್ನು ತಿರುಗಿಸುವ ಸ್ಪಿಂಡಲ್‌ಗಳಿಗೆ ಸೆನ್ಸರ್ ಕೂತವು. ಗೋಡೆಗೆ ದೊಡ್ಡ ಟಿವಿ ಬಂತು. ಓಡುವ ಮೆಷಿನ್ ಹಸಿರು, ನಿಂತದ್ದು ಕೆಂಪು, ಪಕ್ಕದಲ್ಲಿ ಎಷ್ಟು ಹೊತ್ತು ಓಡಿತು ಅನ್ನುವ ಶೇಕಡಾ.

ಅಷ್ಟಕ್ಕೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆ ಶೇಕಡಾವನ್ನು ನಾನು ಹುಡುಗರ ಇನ್ಸೆಂಟಿವ್‌ಗೆ ಕಟ್ಟಿದೆ. ನಮಗೆ ಹೊಡೆತ ಕೊಟ್ಟದ್ದು ಇದೊಂದೇ. ನಿಮ್ಮ ಕೊಟೇಶನ್‌ನಲ್ಲೂ ‘ಆಪರೇಟರ್ ಸ್ಕೋರ್’ ಅಂತ ಒಂದು ಸಾಲಿದೆ ಅಂದಿದ್ದೀರಿ, ಅದಕ್ಕೇ ಬಿಡಿಸಿ ಹೇಳುತ್ತೇನೆ.

ಟರ್ನಿಂಗ್ ಶಾಪ್‌ನಲ್ಲಿ ಮೆಷಿನ್ ಕೆಂಪಾಗುವುದು ಯಾವಾಗ? ಕರೆಂಟ್ ಹೋದಾಗ, ಉಕ್ಕಿನ ಬಾರ್ ಇಲ್ಲದಾಗ, ಮತ್ತೆ ಮುಖ್ಯವಾಗಿ ಸೆಟ್ಟಿಂಗ್ ಬದಲಿಸುವಾಗ. ಒಂದು ಪಾರ್ಟಿನಿಂದ ಇನ್ನೊಂದಕ್ಕೆ ಹೋಗಬೇಕೆಂದರೆ ಪೀಸ್ ಹಿಡಿಯುವ ಜಾ ಬದಲಿಸಬೇಕು, ಟೂಲ್ ಆಫ್‌ಸೆಟ್ ಹಾಕಬೇಕು, ಮೊದಲ ಪೀಸ್ ಅಳೆದು ಪಾಸ್ ಮಾಡಿಸಬೇಕು. ಅಷ್ಟು ಹೊತ್ತೂ ಟಿವಿ ಮೇಲೆ ಕೆಂಪು. ಹುಡುಗರು ಬುದ್ಧಿವಂತರು. ಸೆಟ್ಟಿಂಗ್ ಬದಲಿಸುವುದನ್ನೇ ಮುಂದಕ್ಕೆ ಹಾಕತೊಡಗಿದರು. ಐನೂರು ಪೀಸ್ ಬೇಕಿದ್ದ ಕಡೆ ‘ಹೇಗೂ ಸೆಟ್ ಆಗಿದೆಯಲ್ಲಾ’ ಅಂತ ಎರಡು ಸಾವಿರ ತೆಗೆದರು. ಅವರನ್ನು ಬೈಯುವಂತಿಲ್ಲ. ನಾನು ಏನಕ್ಕೆ ದುಡ್ಡು ಕೊಡುತ್ತೇನೆ ಅಂತ ಗೋಡೆ ಮೇಲೆ ಬರೆದಿದ್ದೆ, ಅವರು ಅದನ್ನೇ ಮಾಡಿದರು.

ತಿಂಗಳ ಕೊನೆಯಲ್ಲಿ ಲೆಕ್ಕ ನೋಡಿದರೆ ಎಲ್ಲ ಚೆನ್ನಾಗಿತ್ತು. ಪೀಸಿಗೆ ಯೂನಿಟ್ ಇಳಿದಿತ್ತು. ಆ ಗ್ರಾಫ್ ಗಿರಾಕಿಗೂ ಕಳಿಸಿದೆ. ಅಂಕಿ ಇಳಿದದ್ದು ಹೇಗೆ ಅಂತ ಆಗ ಹೊಳೆಯಲಿಲ್ಲ. ಒಟ್ಟು ಯೂನಿಟ್ಟನ್ನು ಒಟ್ಟು ಪೀಸಿನಿಂದ ಭಾಗಿಸುತ್ತಿದ್ದೆವು. ಯಾರೂ ಕೇಳದೇ ಇದ್ದ ಪೀಸೂ ಆ ಒಟ್ಟಿನಲ್ಲಿ ಸೇರಿತ್ತು. ಬೇಡದ ಮಾಲು ಜಾಸ್ತಿ ಮಾಡಿದಷ್ಟೂ ನಮ್ಮ ಕಾರ್ಬನ್ ಅಂಕಿ ಚೆಂದ ಕಾಣುತ್ತಿತ್ತು! ಭಾಗಿಸಬೇಕಿದ್ದದ್ದು ಗಿರಾಕಿ ತಗೊಂಡ ಪೀಸಿನಿಂದ. ಒಂದೇ ಒಂದು ಕಾಲಂ ವ್ಯತ್ಯಾಸ.

ನಮ್ಮ ಸೆಟ್ಟರ್ ಒಬ್ಬರು ಬಂದು ಹೇಳಿದ್ದರು ಕೂಡ. “ಅಣ್ಣಾ, ಆ ಬುಷ್ ಆರ್ಡರ್ ಮುಗಿದೋಗೈತೆ, ಮೆಷಿನ್ ಇನ್ನೂ ಓಡ್ತಾನೇ ಐತೆ.” ಮುಂದಿನ ತಿಂಗಳ ಷೆಡ್ಯೂಲ್‌ಗೆ ಆಗುತ್ತದೆ ಬಿಡಿ ಅಂದೆ. ಮುಂದಿನ ತಿಂಗಳು ಬಂದದ್ದು ಷೆಡ್ಯೂಲ್ ಅಲ್ಲ, ಡ್ರಾಯಿಂಗ್‌ನ ಹೊಸ ರಿವಿಷನ್. ಒಳಗಿನ ವ್ಯಾಸ ಬದಲಾಗಿತ್ತು, ಚಿಕ್ಕದಾಗಿತ್ತು. ದೊಡ್ಡದಾಗಿದ್ದರೆ ಮತ್ತೆ ಬೋರ್ ಮಾಡಬಹುದಿತ್ತು. ಬಿನ್‌ಗಳಲ್ಲಿದ್ದ ಒಂದು ಟನ್‌ಗೂ ಜಾಸ್ತಿ ಫಿನಿಷ್ಡ್ ಮಾಲು ಸ್ಕ್ರ್ಯಾಪ್ ರೇಟಿಗೆ ಹೋಯಿತು.

ದುಡ್ಡಿನ ಮಾತು ಬಿಡಿ. ನೀವು ಕೇಳಿದ ಕಾರ್ಬನ್ ಲೆಕ್ಕಕ್ಕೇ ಬರೋಣ. ಭಾರತದಲ್ಲಿ ಒಂದು ಟನ್ ಉಕ್ಕು ತಯಾರಾಗಲು ಸರಾಸರಿ ಸುಮಾರು 2.5 ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಜಗತ್ತಿನ ಸರಾಸರಿ 1.9 ಟನ್ ಆಸುಪಾಸು. ನಮ್ಮಲ್ಲಿ ಕಲ್ಲಿದ್ದಲು ಜಾಸ್ತಿ, ಅದಕ್ಕೆ. ಇನ್ನು ನಮ್ಮ ಗ್ರಿಡ್ ಕರೆಂಟ್ ಒಂದು ಯೂನಿಟ್‌ಗೆ ಸುಮಾರು 0.7 ಕೆಜಿ. ಕೇಂದ್ರ ವಿದ್ಯುತ್ ಪ್ರಾಧಿಕಾರ ಇದನ್ನು ಪ್ರತಿ ವರ್ಷ ಪ್ರಕಟಿಸುತ್ತದೆ. ಭಾಗಿಸಿ ನೋಡಿ. ಒಂದು ಟನ್ ಉಕ್ಕು ಅಂದರೆ ಮೂರೂವರೆ ಸಾವಿರ ಯೂನಿಟ್ ಕರೆಂಟ್‌ಗೆ ಸಮ. ಬಾರ್‌ನಿಂದ ಚಿಪ್ಸ್ ಆಗಿ ಹೋದದ್ದನ್ನೂ ಸೇರಿಸಿದರೆ ಇನ್ನೂ ಜಾಸ್ತಿ. ಸ್ಕ್ರ್ಯಾಪ್ ಕರಗಿ ಮತ್ತೆ ಉಕ್ಕಾಗುತ್ತದೆ, ನಿಜ. ಆದರೆ ಕರಗಿಸುವುದು, ರೋಲ್ ಮಾಡುವುದು, ಲಾರಿಯಲ್ಲಿ ತರುವುದು, ಟರ್ನ್ ಮಾಡುವುದು ಎಲ್ಲಾ ಮತ್ತೆ ಮೊದಲಿನಿಂದ. ಐಡಲ್ ತಗ್ಗಿಸಿ ನಾವು ಉಳಿಸಿದ ಕರೆಂಟ್ ಇದರ ಹತ್ತಿರಕ್ಕೂ ಬರಲಿಲ್ಲ.

ಹಾಗಾಗಿ ‘ಯಾವ ಐಒಟಿ’ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿಮ್ಮ ಪೀಸಿನ ಕಾರ್ಬನ್‌ನ ದೊಡ್ಡ ಪಾಲು ನಿಮ್ಮ ಗೇಟಿನ ಒಳಗೆ ಹುಟ್ಟುವುದೇ ಇಲ್ಲ. ಅದು ಬಾರ್ ಜೊತೆಗೇ ಲಾರಿಯಲ್ಲಿ ಇಳಿಯುತ್ತದೆ. ಸ್ಪಿಂಡಲ್‌ಗೆ ಎಷ್ಟು ಸೆನ್ಸರ್ ಅಂಟಿಸಿದರೂ ಅದು ಕಾಣಿಸುವುದಿಲ್ಲ.

ಗಿರಾಕಿ ಯಾಕೆ ಕೇಳುತ್ತಿದ್ದಾರೆ ಅಂತ ಮೊದಲು ಅವರನ್ನೇ ಕೇಳಿ. ಎರಡು ಕಾರಣ ಇರಬಹುದು. ಒಂದು, ಸೆಬಿ ನಿಯಮ. 2022-23ರಿಂದ ಷೇರು ಮಾರುಕಟ್ಟೆಯ ಮೊದಲ ಸಾವಿರ ಕಂಪನಿಗಳು ಬಿಆರ್‌ಎಸ್‌ಆರ್ ಅನ್ನುವ, ಪರಿಸರ ಮತ್ತು ಸಾಮಾಜಿಕ ಹೊಣೆಯ ವರದಿ ಕೊಡಲೇಬೇಕು. ಅವರು ತಮ್ಮ ಸಪ್ಲೈಯರ್‌ಗಳ ಲೆಕ್ಕವನ್ನೂ ಕೂಡಿಸಲು ಹೊರಟಿದ್ದಾರೆ. ಇನ್ನೊಂದು ಯುರೋಪಿನ ಗಡಿ ಕಾರ್ಬನ್ ಶುಲ್ಕ, ಎಲ್ಲರೂ ಸಿಬ್ಯಾಮ್ ಅನ್ನುವುದು. 2023ರ ಅಕ್ಟೋಬರ್‌ನಿಂದ ಬರೀ ವರದಿ ಕೊಟ್ಟರೆ ಸಾಕಿತ್ತು, 2026ರ ಜನವರಿಯಿಂದ ಅದಕ್ಕೆ ದುಡ್ಡಿನ ಲೆಕ್ಕ ಶುರು. ಬೋಲ್ಟ್, ನಟ್, ವಾಷರ್ ಆ ಪಟ್ಟಿಯಲ್ಲಿವೆ. ಮೆಷಿನ್ ಪಾರ್ಟ್ ಅಂತ ಹೋಗುವ ಎಲ್ಲ ಮಾಲೂ ಅದರಲ್ಲಿಲ್ಲ, ನಿಮ್ಮ ಎಚ್‌ಎಸ್‌ಎನ್ ಕೋಡ್ ನೋಡಿಕೊಳ್ಳಿ. ಮತ್ತೆ, ಉಕ್ಕಿನ ಮಾಲಿಗೆ ಆ ಶುಲ್ಕದಲ್ಲಿ ಲೆಕ್ಕಕ್ಕೆ ಬರುವುದು ನೇರ ಹೊರಸೂಸುವಿಕೆ ಮಾತ್ರ. ಅಂದರೆ ಉಕ್ಕಿನ ಕುಲುಮೆಯಲ್ಲಿ ಉರಿದ ಕಲ್ಲಿದ್ದಲಿನದ್ದು ಸೇರುತ್ತದೆ, ನಿಮ್ಮ ಲೇತ್ ತಿಂದ ಕರೆಂಟ್‌ನದ್ದು ಸೇರುವುದಿಲ್ಲ. ಸಿಬ್ಯಾಮ್‌ಗೋಸ್ಕರ ಸ್ಪಿಂಡಲ್ ಸೆನ್ಸರ್ ಹಾಕಿಸುವುದರಲ್ಲಿ ಅರ್ಥ ಇದೆಯಾ?

ಹಾಗಾದರೆ ಡಿಜಿಟಲ್ ಬೇಡವಾ? ಬೇಕು, ಖಂಡಿತ ಬೇಕು. ಆದರೆ ಸರಿಯಾದ ಜಾಗಕ್ಕೆ ಬೇಕು.

ನಾನು ಮೊದಲ ರೂಪಾಯಿ ಹಾಕುವುದು ಹೀಟ್ ನಂಬರ್ ಮೇಲೆ. ಬಾರ್ ಬಂದಾಗ ಮಿಲ್ ಸರ್ಟಿಫಿಕೇಟ್ ಬರುತ್ತದೆ, ಅದರಲ್ಲಿ ಹೀಟ್ ನಂಬರ್, ಅಂದರೆ ಕುಲುಮೆಯಲ್ಲಿ ಒಂದು ಸಲಕ್ಕೆ ಕರಗಿಸಿದ ಉಕ್ಕಿನ ಗುರುತಿನ ಸಂಖ್ಯೆ, ಇರುತ್ತದೆ. ನಮ್ಮಲ್ಲಿ ಅದು ಫೈಲಿಗೆ ಹೋಗಿ ಕೂರುತ್ತಿತ್ತು. ಬಾರ್ ಕಟ್ ಆದ ಮೇಲೆ ಯಾವ ಪೀಸ್ ಯಾವ ಹೀಟಿನದ್ದು ಅಂತ ಹೇಳುವವರೇ ಇರಲಿಲ್ಲ. ಈಗ ಬಾರ್ ಇಳಿದ ಕೂಡಲೇ ಕ್ಯೂಆರ್ ಸ್ಟಿಕರ್ ಪ್ರಿಂಟ್ ಆಗುತ್ತದೆ. ಬಿನ್ ಜೊತೆ ಅದೇ ಸ್ಟಿಕರ್ ಡಿಸ್ಪ್ಯಾಚ್‌ವರೆಗೂ ಹೋಗುತ್ತದೆ. ಡ್ರಾಯಿಂಗ್ ರಿವಿಷನ್ ನಂಬರ್ ಅದರಲ್ಲೇ ಇದೆ. ಹಳೆ ರಿವಿಷನ್ ಸ್ಕ್ಯಾನ್ ಮಾಡಿದರೆ ಫೋನ್ ಕೂಗುತ್ತದೆ. ಒಂದು ಲೇಬಲ್ ಪ್ರಿಂಟರ್, ಎರಡು ಸಾಧಾರಣ ಫೋನ್, ಶೀಟ್ ಬರೆಯಲು ಬರುವ ಒಬ್ಬ ಹುಡುಗ. ಅಷ್ಟೇ ಬೇಕಾದದ್ದು.

ಇದರಿಂದ ಇನ್ನೊಂದು ದಾರಿ ಸಿಗುತ್ತದೆ. ಸ್ಟೀಲ್ ಟ್ರೇಡರ್ ಹತ್ತಿರ ಹೋಗಿ, ಈ ಹೀಟ್ ಕಲ್ಲಿದ್ದಲಿನ ಬ್ಲಾಸ್ಟ್ ಫರ್ನೇಸಿನದ್ದಾ, ಸ್ಕ್ರ್ಯಾಪ್ ಕರಗಿಸುವ ಎಲೆಕ್ಟ್ರಿಕ್ ಫರ್ನೇಸಿನದ್ದಾ ಅಂತ ಕೇಳಬಹುದು. ಎರಡಕ್ಕೂ ಕಾರ್ಬನ್‌ನಲ್ಲಿ ಅಜಗಜಾಂತರ. ಕೇಂದ್ರ ಉಕ್ಕು ಸಚಿವಾಲಯ 2024ರ ಡಿಸೆಂಬರ್‌ನಲ್ಲಿ ಹಸಿರು ಉಕ್ಕಿಗೆ ಅಳತೆ ಗೊತ್ತು ಮಾಡಿದೆ. ಒಂದು ಟನ್ ಉಕ್ಕಿಗೆ ಇಂಗಾಲದ ಡೈಆಕ್ಸೈಡ್ 2.2 ಟನ್‌ಗಿಂತ ಕಡಿಮೆ ಇದ್ದರೆ ಹಸಿರು, 1.6ಕ್ಕಿಂತ ಕಡಿಮೆ ಇದ್ದರೆ ಐದು ಸ್ಟಾರ್. ಸಣ್ಣವರು ಕೇಳಿದರೆ ಟ್ರೇಡರ್ ಮೊದಲು ನಗುತ್ತಾರೆ. ಕೇಳುತ್ತಲೇ ಇರಿ. ಗ್ರೇಡ್‌ನಲ್ಲಿ ಮಾತ್ರ ರಾಜಿ ಬೇಡ, ಗಿರಾಕಿ ಒಪ್ಪದೆ ಮಿಲ್ ಬದಲಿಸಬೇಡಿ.

ಕರೆಂಟ್ ವಿಷಯಕ್ಕೆ ಒಂದೇ ಮೀಟರ್ ಸಾಕು, ಅದನ್ನು ಏರ್ ಕಂಪ್ರೆಸರ್‌ಗೆ ಹಾಕಿ. ಮೆಷಿನ್‌ಗಳಿಗೆ ಸೆನ್ಸರ್ ಮಾರಿದವರು ಕಂಪ್ರೆಸರ್ ಕಡೆ ತಿರುಗಿಯೂ ನೋಡಿರಲಿಲ್ಲ. ಫೋನಿಗೆ ರೀಡಿಂಗ್ ಕಳಿಸುವ ಎನರ್ಜಿ ಮೀಟರ್ ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ನಾವು ಹಾಕಿದ ಮೊದಲ ಭಾನುವಾರವೇ ಗೊತ್ತಾಯಿತು. ಶೆಡ್ ಬಾಗಿಲು ಹಾಕಿದೆ, ಒಳಗೆ ಒಬ್ಬರೂ ಇಲ್ಲ, ಕಂಪ್ರೆಸರ್ ಮಾತ್ರ ಲೋಡ್ ತಗೊಂಡು ಬಿಟ್ಟು ಮಾಡುತ್ತಲೇ ಇದೆ. ಪೈಪ್ ಸೋರುತ್ತಿತ್ತು. ವಾರದ ದಿನ ಮೆಷಿನ್ ಸದ್ದಿನಲ್ಲಿ ಆ ‘ಸುಯ್’ ಯಾರಿಗೂ ಕೇಳುವುದಿಲ್ಲ. 7 ಬಾರ್ ಒತ್ತಡದಲ್ಲಿ 3 ಮಿ.ಮೀ. ತೂತು ಇದ್ದರೆ ಅದೊಂದಕ್ಕೇ ಸುಮಾರು 3 ಕಿಲೋವ್ಯಾಟ್ ಖರ್ಚು. ದಿನವಿಡೀ ಅಂದರೆ ಎಪ್ಪತ್ತು ಯೂನಿಟ್! ಸರಿಯಾಗಿ ನೋಡಿಕೊಳ್ಳದ ಶಾಪ್‌ಗಳಲ್ಲಿ ಕಂಪ್ರೆಸರ್ ತಯಾರಿಸುವ ಗಾಳಿಯ 20ರಿಂದ 30 ಶೇಕಡಾ ಹೀಗೇ ಸೋರಿ ಹೋಗುತ್ತದೆ. ಸೋಪಿನ ನೀರು ಹಚ್ಚಿ ಹುಡುಕಿದೆವು. ಕಪ್ಲಿಂಗ್, ಹೋಸ್, ಹಳೆ ಏರ್ ಗನ್. ಆಮೇಲೆ ಒತ್ತಡವನ್ನೂ ಇಳಿಸಿದೆವು. ಒಂದು ಬಾರ್ ಇಳಿಸಿದರೆ ಕಂಪ್ರೆಸರ್ ಕರೆಂಟ್ 6-7 ಶೇಕಡಾ ಉಳಿಯುತ್ತದೆ. ಚಕ್ ಮತ್ತು ಗೇಜಿಂಗ್‌ಗೆ ಎಷ್ಟು ಬೇಕೋ ಅಷ್ಟನ್ನು ನೋಡಿಕೊಂಡು ಇಳಿಸಿ.

ಸಾಗಣೆಗೂ ಆ್ಯಪ್ ಕೊಳ್ಳಬೇಡಿ. ನಿಮ್ಮ ಹತ್ತಿರ ಈಗಾಗಲೇ ಇ-ವೇ ಬಿಲ್ ಇದೆ ಅಲ್ವಾ? ಗಾಡಿ ನಂಬರ್, ಎಲ್ಲಿಂದ ಎಲ್ಲಿಗೆ, ದೂರ, ದಿನಾಂಕ ಎಲ್ಲಾ ಅದರಲ್ಲಿದೆ. ಪೋರ್ಟಲ್‌ನಿಂದ ಇಳಿಸಿಕೊಂಡು ಪಕ್ಕದಲ್ಲಿ ಮಾಲಿನ ತೂಕ ಬರೆಯಿರಿ. ನಮ್ಮ ಗಾಡಿ ಹೊಸೂರಿಗೆ ಅರ್ಧ ಖಾಲಿ ಹೋಗುತ್ತಿತ್ತು, ಬರುವಾಗ ಪೂರ್ತಿ ಖಾಲಿ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆಜಿ ಇಂಗಾಲದ ಡೈಆಕ್ಸೈಡ್. ಪಕ್ಕದ ರಸ್ತೆಯ ಪ್ರೆಸ್ ಶಾಪಿನವರ ಗಾಡಿಯೂ ಅದೇ ದಿಕ್ಕಿಗೆ ಹೋಗುತ್ತಿತ್ತು. ಈಗ ಎರಡೂ ಶಾಪಿನ ಮಾಲು ಒಂದೇ ಗಾಡಿಯಲ್ಲಿ ಹೋಗುತ್ತದೆ. ನರಸಾಪುರ, ವೇಮಗಲ್ ಕಡೆ ನಿಮಗೂ ಇಂಥ ಜೊತೆಗಾರರು ಸಿಗುತ್ತಾರೆ.

ಒಂದು ಮಾತು ಸೋಲಾರ್ ಬಗ್ಗೆ. ನಮ್ಮ ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಹಾಗಾಗಿ ತುಮಕೂರಿನ ಕರೆಂಟೆಲ್ಲ ಹಸಿರು ಅಂತ ಕೆಲವರು ಶೀಟ್‌ನಲ್ಲಿ ಬರೆದದ್ದು ನೋಡಿದ್ದೇನೆ. ಹಾಗೆ ಬರೆಯುವಂತಿಲ್ಲ. ಆ ಕರೆಂಟ್ ಗ್ರಿಡ್‌ಗೆ ಹೋಗುತ್ತದೆ. ನಿಮ್ಮ ಚಾವಣಿ ಮೇಲೆ ಪ್ಯಾನಲ್ ಇದ್ದರೆ ಅಥವಾ ಬೇರೆ ಒಪ್ಪಂದ ಇದ್ದರೆ ಮಾತ್ರ ಅದು ನಿಮ್ಮ ಲೆಕ್ಕಕ್ಕೆ ಬರುತ್ತದೆ. ಇಲ್ಲದಿದ್ದರೆ ಗ್ರಿಡ್‌ನ ಸರಾಸರಿ ಹಾಕಿ. ಆಡಿಟರ್ ಬಂದಾಗ ಸಿಕ್ಕಿಬೀಳುವುದು ಇಂಥ ಕಡೆಯೇ.

ಸಣ್ಣ ಉದ್ಯಮಗಳಿಗೆ ಕೇಂದ್ರ ಕೊಡುವ ಝೆಡ್ (ಝೀರೋ ಡಿಫೆಕ್ಟ್ ಝೀರೋ ಎಫೆಕ್ಟ್) ಸರ್ಟಿಫಿಕೇಟ್‌ಗೂ ಅರ್ಜಿ ಹಾಕಿ. ಸರ್ಟಿಫಿಕೇಟ್ ಶುಲ್ಕದಲ್ಲಿ ಮೈಕ್ರೋ ಘಟಕಕ್ಕೆ 80 ಶೇಕಡಾ, ಸಣ್ಣ ಘಟಕಕ್ಕೆ 60 ಶೇಕಡಾ ಸಬ್ಸಿಡಿ ಇದೆ. ಅದಕ್ಕೆ ಉದ್ಯಮ್ ನೋಂದಣಿ ಬೇಕು.

ಸ್ಪಿಂಡಲ್ ಸೆನ್ಸರ್ ನಮ್ಮಲ್ಲಿ ಈಗಲೂ ಇವೆ. ಟಿವಿ ತೆಗೆಸಿದೆ, ಇನ್ಸೆಂಟಿವ್ ಬದಲಿಸಿದೆ. ಷೆಡ್ಯೂಲ್‌ನಲ್ಲಿ ಕೇಳಿದ ಪೀಸ್, ಕೇಳಿದ ದಿನ, ಮೊದಲ ಸಲಕ್ಕೇ ಪಾಸ್ ಆಗಿ ಹೋದರೆ ಮಾತ್ರ ದುಡ್ಡು. ಸೆಟ್ಟಿಂಗ್ ಬೇಗ ಬದಲಿಸುವ ಸೆಟ್ಟರ್‌ಗೆ ಬೇರೆ ಕೊಡುತ್ತೇನೆ. ಬುಷ್ ಬಗ್ಗೆ ಎಚ್ಚರಿಸಿದವರು ಈಗ ಷೆಡ್ಯೂಲ್ ನೋಡಿಕೊಳ್ಳುತ್ತಾರೆ, ಆರ್ಡರ್ ಮುಗಿದರೆ ಮೆಷಿನ್ ನಿಲ್ಲಿಸುವ ಅಧಿಕಾರ ಅವರಿಗಿದೆ. ಎಐ ಹಾಕಲೇಬೇಕು ಅಂತಿದ್ದರೆ ಗಿರಾಕಿಯ ಹಳೆ ಷೆಡ್ಯೂಲ್‌ಗಳನ್ನು ಕೊಟ್ಟು, ಯಾವ ಪಾರ್ಟಿನ ಆರ್ಡರ್ ಎಷ್ಟು ಏರುಪೇರಾಗುತ್ತದೆ ಅಂತ ನೋಡಿಸಿ. ಸ್ಪಿಂಡಲ್‌ಗೆ ಬೇಡ.

ಶೀಟ್ ಕಳಿಸುವ ಗಡುವು ಹತ್ತಿರ ಇದೆ ಅಂದಿರಿ. ಈ ಸಲಕ್ಕೆ ಹನ್ನೆರಡು ತಿಂಗಳ ಬೆಸ್ಕಾಂ ಬಿಲ್, ಡೀಸೆಲ್ ಬಿಲ್, ಸ್ಟೀಲ್ ಖರೀದಿ, ಸ್ಕ್ರ್ಯಾಪ್ ಮಾರಾಟ ಇಷ್ಟನ್ನು ಕೂಡಿಸಿ. ಗಿರಾಕಿ ತಗೊಂಡ ತೂಕದಿಂದ ಭಾಗಿಸಿ. ಅಳೆದ ಅಂಕಿಗೆ ಒಂದು ಬಣ್ಣ, ಅಂದಾಜಿಗೆ ಇನ್ನೊಂದು ಬಣ್ಣ ಹಾಕಿ ಕಳಿಸಿ. ನಮ್ಮ ಗಿರಾಕಿ ಹಾಗೇ ಒಪ್ಪಿಕೊಂಡರು. ಅವರು ತಿರುಗಿ ಕೇಳಿದ್ದು ಹೀಟ್ ನಂಬರ್ ಕಾಲಂ ಒಂದನ್ನೇ, ಅದನ್ನು ಖಾಲಿ ಬಿಡಬೇಡಿ.