ಬೆಳಿಗ್ಗೆ ಏಳುವಾಗ ಟೊಂಕ ಹಿಡಿದಿರುತ್ತದೆ. ಗಾದಿ ಬಿಟ್ಟು ನೆಲದ ಮೇಲೆ ಮಲಗಬೇಕೇ?

ಬೇಡ. ನೆಲದ ಮೇಲೆ ಮಲಗಿದರೆ ಟೊಂಕ ನೋವು ತಾನೇ ಹೋಗುತ್ತದೆ ಅನ್ನುವುದು ನಮ್ಮ ಕಡೆ ಮನೆಮನೆಯಲ್ಲೂ ಕೇಳುವ ಮಾತು, ನಿಮ್ಮ ಮನೆಯ ಹಿರಿಯರೂ ಅದನ್ನೇ ಹೇಳಿದ್ದಾರೆ. ಜೊತೆಗೆ ನೀವು ಇನ್ನೆರಡು ಕೇಳಿದ್ದೀರಿ: ಯಾವ ಮಗ್ಗುಲಿಗೆ ಮಲಗಬೇಕು, ಮತ್ತು ದಿನವಿಡೀ ಕುರ್ಚಿಯಲ್ಲಿ ಕೂರುವವರಿಗೆ ರಾತ್ರಿ ಮಲಗುವ ರೀತಿ ಬದಲಿಸಿದರೆ ಏನಾದರೂ ಉಪಯೋಗ ಇದೆಯೇ ಎಂದು. ನಾನು ಬಾಗಲಕೋಟೆಯಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಗುಳೇದಗುಡ್ಡದ ಖಣ ನೇಯುವವರು, ಇಳಕಲ್ಲಿನ ಸೀರೆ ಮಗ್ಗದವರು, ಮುಧೋಳ-ಜಮಖಂಡಿ ಕಡೆಯ ಕಬ್ಬು ಕಡಿಯುವವರು, ಬಸ್ ಡ್ರೈವರುಗಳು, ಬ್ಯಾಂಕಿನವರು, ಎಲ್ಲರೂ ಬರುತ್ತಾರೆ. ದುಡಿಮೆ ಬೇರೆಬೇರೆ, ತಕರಾರು ಮಾತ್ರ ಒಂದೇ.

ಮೊದಲು ನೆಲದ ವಿಷಯ. ಗಟ್ಟಿ ಹಾಸಿಗೆಯೇ ಬೆನ್ನಿಗೆ ಔಷಧ ಎಂದು ಡಾಕ್ಟರುಗಳೂ ಬಹಳ ವರ್ಷ ಹೇಳುತ್ತಿದ್ದರು. ಸ್ಪೇನ್ ದೇಶದಲ್ಲಿ ಬಹುದಿನದ ಟೊಂಕ ನೋವಿದ್ದ 313 ಜನರನ್ನು ತೆಗೆದುಕೊಂಡು ಇದನ್ನು ಪರೀಕ್ಷೆ ಮಾಡಿದರು. ಕೆಲವರಿಗೆ ಗಟ್ಟಿ ಗಾದಿ, ಉಳಿದವರಿಗೆ ಮಧ್ಯಮ ಗಟ್ಟಿಯದು. ಯಾರಿಗೆ ಯಾವುದು ಬಂದಿದೆ ಎಂದು ಅವರಿಗೇ ತಿಳಿಸಿರಲಿಲ್ಲ. 90 ದಿನ ಕಳೆದ ಮೇಲೆ ನೋಡಿದರೆ ಮಧ್ಯಮ ಗಾದಿಯವರಿಗೇ ಹೆಚ್ಚು ಆರಾಮ ಆಗಿತ್ತು. 2003ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಕಾರಣ ಊಹಿಸುವುದು ಕಷ್ಟವಲ್ಲ. ಬರೀ ನೆಲದ ಮೇಲೆ ಮಗ್ಗುಲಾಗಿ ಮಲಗಿ ನೋಡಿ, ಭಾರವೆಲ್ಲ ಭುಜ ಮತ್ತು ಚಪ್ಪೆಯ ಎಲುಬಿನ ಮೇಲೆ ಬೀಳುತ್ತದೆ, ನಡುವಿನ ಟೊಂಕಕ್ಕೆ ಆಸರೆಯೇ ಇರುವುದಿಲ್ಲ. ಹಾಗಂತ ತೀರಾ ಮೆತ್ತನೆಯದೂ ಬೇಡ, ಅದರಲ್ಲಿ ಕುಂಡೆ ಒಳಗೆ ಹೂತು ಟೊಂಕ ಬಾಗುತ್ತದೆ. ನೆಲದ ಮೇಲೇ ನಿದ್ದೆ ಚಲೋ ಬರುವವರು, ಬೆಳಿಗ್ಗೆ ನೋವಿಲ್ಲದೆ ಏಳುವವರು ಇದ್ದರೆ ಅವರು ಅಲ್ಲೇ ಮಲಗಲಿ, ನನ್ನದೇನೂ ತಕರಾರಿಲ್ಲ. ನಿಮ್ಮ ಅರಳೆ ಗಾದಿ ನಡುವೆ ಕುಳಿ ಬಿದ್ದಿದೆ ಅಂದಿದ್ದೀರಲ್ಲ, ಅದನ್ನು ಎಸೆಯುವ ಮೊದಲು ಒಮ್ಮೆ ಅರಳೆ ಹಿಂಜಿಸಿ ಹೊಲಿಸಿ. ಅಂಗಡಿಯವರು "ಆರ್ಥೋಪೆಡಿಕ್" ಎಂದು ದುಬಾರಿ ಬೆಲೆಗೆ ತೋರಿಸುವ ಗಾದಿಗಳಲ್ಲಿ ಹಲವು ಬರೀ ಗಟ್ಟಿ ಗಾದಿಗಳು, ಆ ಹೆಸರಿಗೆ ದುಡ್ಡು ಕೊಡಬೇಡಿ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಹೊರಸು ಹಾಕಿ ಮಲಗುವವರಿದ್ದರೆ ಹುರಿ ಎಳೆದು ಬಿಗಿ ಮಾಡಿಕೊಳ್ಳಿ. ಜೋತುಬಿದ್ದ ಹೊರಸಿನಷ್ಟು ಬೆನ್ನು ಕೆಡಿಸುವುದು ಇನ್ನೊಂದಿಲ್ಲ.

ಈಗ ಭಂಗಿ. ಅಂಗಾತ ಮಲಗುವವರಾದರೆ ಮಂಡಿಯ ಕೆಳಗೆ ಏನಾದರೂ ಇಟ್ಟುಕೊಳ್ಳಿ. ಇದು ಎಷ್ಟು ಸಣ್ಣ ಕೆಲಸ, ಎಷ್ಟು ಕೆಲಸ ಮಾಡುತ್ತದೆ ಎಂದು ಕಣ್ಣಾರೆ ನೋಡದೆ ನಂಬುವುದು ಕಷ್ಟ. ಗುಳೇದಗುಡ್ಡದ ಒಬ್ಬ ಅಜ್ಜಿ ಬಂದಿದ್ದರು. ಕುಣಿ ಮಗ್ಗದಲ್ಲಿ ಕಾಲು ಕುಣಿಯೊಳಗೆ ಇಳಿಬಿಟ್ಟು, ಮೈ ಮುಂದಕ್ಕೆ ಬಾಗಿಸಿ ಲಾಳಿ ಓಡಿಸುತ್ತಲೇ ವಯಸ್ಸು ಕಳೆದವರು. ಕಾಲು ನೀಡಿ ಅಂಗಾತ ಮಲಗಿಸಿ, ಟೊಂಕದ ಕೆಳಗೆ ಕೈ ತೂರಿಸಲು ಅವರ ಸೊಸೆಗೆ ಹೇಳಿದೆ. ಬಳೆ ಸಮೇತ ಕೈ ಆಚೆ ಹೋಯಿತು. ಆಮೇಲೆ ಅವರೇ ಹೊದ್ದು ಬಂದಿದ್ದ ಕೌದಿಯನ್ನು ಸುತ್ತಿ ಮಂಡಿಯ ಕೆಳಗೆ ಇಟ್ಟು, ಮತ್ತೆ ಕೈ ಹಾಕಲು ಹೇಳಿದೆ. ಈ ಸಲ ಬೆರಳಿನ ಗೆಣ್ಣಿಗೇ ಸಿಕ್ಕಿಕೊಂಡಿತು. "ಅಯ್ಯ, ಇಷ್ಟ ಏನ್ರಿ? ಗುಳಗಿ ಇಲ್ಲೇನು?" ಅಂದರು ಅಜ್ಜಿ, ಸ್ವಲ್ಪ ಬೇಸರದಲ್ಲೇ.

ಒಳಗೆ ಆಗುವುದು ಇಷ್ಟು: ಟೊಂಕದ ಎಲುಬುಗಳಿಂದ ಹೊರಟು ತೊಡೆಯ ಎಲುಬಿಗೆ ಸೇರುವ ಒಂದು ದಪ್ಪ ಸ್ನಾಯು ಇದೆ, ಸೋಯಾಸ್ ಅನ್ನುತ್ತೇವೆ. ಕಾಲು ನೀಡಿದಾಗ ಅದು ಬಿಗಿದು ಟೊಂಕವನ್ನು ಮುಂದಕ್ಕೆ ಜಗ್ಗುತ್ತದೆ. ಮಂಡಿ ಮಡಿಸಿದರೆ ಸಡಿಲಾಗುತ್ತದೆ, ಟೊಂಕ ಹಾಸಿಗೆಗೆ ತಾಗುತ್ತದೆ. ದಿನವಿಡೀ ಕೂರುವವರಲ್ಲಿ ಈ ಸ್ನಾಯು ಮೋಟಾಗಿ ಕೂತಿರುವುದು ಸಾಮಾನ್ಯ, ಆದ್ದರಿಂದ ನಿಮಗೆ ಇದರ ಉಪಯೋಗ ಹೆಚ್ಚೇ ಆಗಬಹುದು. ಎತ್ತರ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಸಾಕು, ಹಿಮ್ಮಡಿ ಹಾಸಿಗೆ ಮೇಲೇ ಇರಲಿ.

ಮಗ್ಗುಲಾಗಿ ಮಲಗುವವರಿಗೆ ಎರಡು ಮಂಡಿಗಳ ನಡುವೆ ದಿಂಬು ಬೇಕು. ಮೇಲಿನ ಕಾಲು ಮುಂದಕ್ಕೆ ಜಾರಿ ಹಾಸಿಗೆ ಮುಟ್ಟಿದರೆ ಅದರ ಜೊತೆ ಚಪ್ಪೆಯೂ ತಿರುಗುತ್ತದೆ, ಟೊಂಕ ತಿರುಚಿಕೊಂಡೇ ಬೆಳಗಾಗುತ್ತದೆ. ತೆಳ್ಳನೆಯ ದಿಂಬು ನಡುರಾತ್ರಿ ಎಲ್ಲೋ ಹೋಗಿ ಬಿದ್ದಿರುತ್ತದೆ. ಅದಕ್ಕೆ ಮಂಡಿಯಿಂದ ಪಾದದ ಕೀಲಿನವರೆಗೆ ಬರುವ ಲೋಡು ಚಲೋ. ಎಡವೋ ಬಲವೋ ಅನ್ನುವುದು ಟೊಂಕಕ್ಕೆ ಲೆಕ್ಕಕ್ಕಿಲ್ಲ. ಎಡ ಮಗ್ಗುಲಿಗೇ ಮಲಗಿ ಎಂದು ಗರ್ಭಿಣಿಯರಿಗೆ, ಹುಳಿತೇಗು ಇರುವವರಿಗೆ ಹೇಳುತ್ತೇವೆ. ಒಂದು ಕಾಲಿಗೆ ಜುಮ್ಮೆಂದು ನೋವು ಇಳಿಯುತ್ತಿದ್ದರೆ ಆ ಕಾಲು ಮೇಲೆ ಬರುವಂತೆ ಮಲಗಿದರೆ ಸಾಮಾನ್ಯವಾಗಿ ಹಿತ. ಸ್ವಲ್ಪ ದೂರ ನಡೆದರೆ ಕಾಲು ಜೋಮು ಹಿಡಿದು, ಬಗ್ಗಿ ನಿಂತರೆ ಆರಾಮಾಗುವ ವಯಸ್ಸಾದವರಿಗೆ ಮಂಡಿಯನ್ನು ಎದೆ ಕಡೆ ಎಳೆದುಕೊಂಡು ಮುದುಡಿ ಮಲಗುವುದೇ ಒಗ್ಗುತ್ತದೆ. ತಲೆದಿಂಬು ಅಂಗಾತ ಮಲಗಿದಾಗ ತೆಳ್ಳಗಿರಲಿ, ಮಗ್ಗುಲಾದಾಗ ಕಿವಿ-ಭುಜಗಳ ನಡುವಿನ ಸಂದು ತುಂಬುವಷ್ಟು ದಪ್ಪ ಇರಲಿ.

ಬೋರಲು ಮಲಗುವುದನ್ನು ಬಿಡಲು ಆದರೆ ಬಿಡಿ. ಆಗದಿದ್ದರೆ ಕೆಳಹೊಟ್ಟೆಯ ಕೆಳಗೆ ಒಂದು ತೆಳು ದಿಂಬು ಇಡಿ, ತಲೆದಿಂಬು ತೆಗೆದುಬಿಡಿ.

ಇನ್ನು ನೀವು ಕೇಳದೇ ಇದ್ದ, ಆದರೆ ನನ್ನ ಮಟ್ಟಿಗೆ ಭಂಗಿಗಿಂತ ದೊಡ್ಡ ವಿಷಯ. ನಿಮಗೆ ನೋವು ಇರುವುದು ಬೆಳಿಗ್ಗೆ. ಬೆನ್ನೆಲುಬುಗಳ ನಡುವಿನ ಡಿಸ್ಕ್‌ಗಳು ರಾತ್ರಿಯಿಡೀ ನೀರು ಹೀರಿ, ನೆನೆಹಾಕಿದ ಕಡಲೆಯ ಹಾಗೆ ಉಬ್ಬಿರುತ್ತವೆ. ಬೆಳಿಗ್ಗೆ ಎಲ್ಲರೂ ರಾತ್ರಿಗಿಂತ 1ರಿಂದ 2 ಸೆಂಟಿಮೀಟರ್ ಎತ್ತರ ಇರುವುದು ಇದರಿಂದಲೇ. ಎದ್ದ ಮೊದಲ ತಾಸಿನಲ್ಲೇ ಅದರಲ್ಲಿ ಅರ್ಧದಷ್ಟು ಇಳಿದುಹೋಗುತ್ತದೆ. ಆ ತಾಸಿನಲ್ಲಿ ಬಗ್ಗಿದರೆ ಡಿಸ್ಕಿನ ಮೇಲೆ ಬೀಳುವ ಒತ್ತಡ ಬೇರೆ ಹೊತ್ತಿಗಿಂತ ಬಹಳ ಹೆಚ್ಚು. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ಏಳುತ್ತಲೇ ಮಾಡುವುದೇನು? ಬಗ್ಗಿ ಕಸ ಹೊಡೆಯುವುದು, ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಡುವುದು, ನಳ ಬಂದಿದ್ದರೆ ಕೊಡ ಎತ್ತುವುದು. ಬೆಳಗಿನ ಹೊತ್ತು ಬಗ್ಗುವುದನ್ನು ತಪ್ಪಿಸಿದ ಬಹುದಿನದ ಟೊಂಕ ನೋವಿನವರಿಗೆ ನೋವು ಕಡಿಮೆಯಾಗಿದ್ದನ್ನು 1998ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ತೋರಿಸಿದೆ. ಕಸ ಹೊಡೆಯುವುದನ್ನು ಚಹಾ ಆದ ಮೇಲೆ ಇಟ್ಟುಕೊಳ್ಳಿ, ಅಥವಾ ಮನೆಯಲ್ಲಿ ಬೇರೆಯವರು ಮಾಡಲಿ. ಗಂಡಸರು ಕಸಬರಿಗೆ ಹಿಡಿದರೆ ಯಾವ ಶಾಸ್ತ್ರವೂ ಬೇಡ ಅನ್ನುವುದಿಲ್ಲ.

ಏಳುವುದಕ್ಕೂ ಒಂದು ರೀತಿ ಇದೆ. ಅಂಗಾತ ಇದ್ದವರು ನೆಟ್ಟಗೆ ಎದ್ದು ಕೂರಬೇಡಿ. ಮಂಡಿ ಮಡಿಸಿ, ಭುಜ ಮತ್ತು ಚಪ್ಪೆ ಒಟ್ಟಿಗೇ ತಿರುಗುವಂತೆ ಮಗ್ಗುಲಾಗಿ, ಕಾಲು ಮಂಚದಿಂದ ಇಳಿಬಿಟ್ಟು, ಮೊಣಕೈ-ಅಂಗೈ ಊರಿ ಮೇಲೇಳಿ. ನೆಲದ ಮೇಲೆ ಮಲಗಿದ್ದರೆ ಮಗ್ಗುಲಾಗಿ ಅಂಬೆಗಾಲಿಗೆ ಬಂದು, ಗೋಡೆಯನ್ನೋ ಕುರ್ಚಿಯನ್ನೋ ಹಿಡಿದು ಏಳಬೇಕು. ನೋವಿರುವವರಿಗೆ ನೆಲ ಬೇಡ ಅನ್ನಲು ಇದೂ ಒಂದು ಕಾರಣ, ಮಲಗುವುದಕ್ಕಿಂತ ಅಲ್ಲಿಂದ ಏಳುವುದೇ ಕಷ್ಟ.

ರಾತ್ರಿಯೆಲ್ಲ ಒಂದೇ ಭಂಗಿಯಲ್ಲಿ ಇರಬೇಕೆಂದು ಹಟ ಹಿಡಿಯಬೇಡಿ. ನಿದ್ದೆಯಲ್ಲಿ ಎಲ್ಲರೂ ಹೊರಳುತ್ತಾರೆ, ಹೊರಳಬೇಕು ಕೂಡ. ಎಚ್ಚರವಾದಾಗ ದಿಂಬು ಸರಿಮಾಡಿಕೊಂಡರೆ ಆಯಿತು. ಮಲಗಿದಷ್ಟೂ ಒಳ್ಳೆಯದು ಎಂದು ಹಗಲೂ ಹಾಸಿಗೆ ಹಿಡಿಯುವುದಂತೂ ಬೇಡವೇ ಬೇಡ. ಟೊಂಕ ಹಿಡಿದವರಿಗೆ 7 ದಿನದ ವಿಶ್ರಾಂತಿಗಿಂತ 2 ದಿನದ್ದು ಏನೂ ಕಡಿಮೆಯಲ್ಲ ಎಂಬುದು 1986ರಲ್ಲೇ ಗೊತ್ತಾಗಿದೆ. 2 ದಿನದವರು ಕೆಲಸಕ್ಕೂ ಬೇಗ ಮರಳಿದ್ದರು. ಆಫೀಸಿನಲ್ಲೂ ಅರ್ಧ-ಮುಕ್ಕಾಲು ತಾಸಿಗೊಮ್ಮೆ ಎದ್ದು ಓಡಾಡಿ. ಹಗಲು ಹಾಗೇ ಕೂತಿದ್ದು ರಾತ್ರಿ ದಿಂಬು ಇಟ್ಟರೆ ಆಗುವ ಲಾಭ ಅಷ್ಟಕ್ಕಷ್ಟೇ.

ಇಷ್ಟು ಮಾಡಿ ಎರಡು-ಮೂರು ವಾರ ನೋಡಿ. ಕಡಿಮೆಯಾಗದಿದ್ದರೆ ಒಮ್ಮೆ ತೋರಿಸಿ. ಬೆಳಗಿನ ಬಿಗಿತ ಅರ್ಧ ತಾಸು ದಾಟುತ್ತಿದ್ದರೆ, ಮಲಗಿದಷ್ಟೂ ಹೆಚ್ಚಾಗಿ ಓಡಾಡಿದರೆ ಕಡಿಮೆಯಾಗುತ್ತಿದ್ದರೆ, ಅದರಲ್ಲೂ ನಿಮ್ಮ ವಯಸ್ಸು 40ರ ಒಳಗಿದ್ದರೆ, ಅದು ಕೀಲುವಾತದ ನೋವಿರಬಹುದು. ಅದಕ್ಕೆ ಬೇರೆ ಔಷಧವೇ ಇದೆ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹೇಗೆ ಮಲಗಿದರೂ ಬಿಡದ ರಾತ್ರಿ ನೋವು ಇದ್ದರೆ ವಾರಗಟ್ಟಲೆ ಕಾಯಬೇಡಿ. ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು, ತೊಡೆಸಂದಿನ ಜಾಗ ಮರಗಟ್ಟುವುದು, ಕಾಲಿನ ಶಕ್ತಿ ಹೋಗುವುದು, ಇದರಲ್ಲಿ ಒಂದು ಕಂಡರೂ ಆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಹೋಗಿ. ಅದು ದಿಂಬಿನಿಂದ ಸರಿಹೋಗುವ ನೋವಲ್ಲ.