ಕಡಲ್ಕೊರೆತಕ್ಕೆ ಕಲ್ಲಿನ ಗೋಡೆ ಕಟ್ಟಿದರೆ ಸಾಕಾ?

ಮನುಷ್ಯರ ಕೆಲಸಗಳಿಂದ ಕಡಲ ತೀರ ಹಾಳಾಗುತ್ತಿದೆ, ಉದ್ದಕ್ಕೂ ಕಲ್ಲಿನ ಗೋಡೆ ಕಟ್ಟಿದರೆ ಉಳಿಯುತ್ತದಾ ಅಂತ ಕೇಳಿದ್ದೀರಿ. ಗೋಡೆ ತನ್ನ ಹಿಂದಿರುವ ಮನೆಯನ್ನೋ ರಸ್ತೆಯನ್ನೋ ಕೆಲವು ಕಾಲ ಉಳಿಸಬಹುದು. ತೀರವನ್ನು ಉಳಿಸುವುದಿಲ್ಲ. ನಾನೂ ಮೊದಲು ಎರಡೂ ಒಂದೇ ಅಂದುಕೊಂಡಿದ್ದೆ.

ದಂಡೆಯ ಮರಳು ಒಂದೇ ಕಡೆ ನಿಲ್ಲುವುದಿಲ್ಲ. ಅಲೆಗಳು ಓರೆಯಾಗಿ ಬಂದು ಬಡಿಯುವುದರಿಂದ ಅದು ದಡದುದ್ದಕ್ಕೂ ಸಾಗುತ್ತಲೇ ಇರುತ್ತದೆ. ಬಿರುಗಾಳಿ ಬಂದಾಗ ಒಂದಷ್ಟು ಕಡಲೊಳಗೆ ಹೋಗುತ್ತದೆ, ಕಡಲು ಶಾಂತವಾದ ಮೇಲೆ ನಿಧಾನಕ್ಕೆ ವಾಪಸ್ ಬರುತ್ತದೆ. ಮಧ್ಯೆ ಗೋಡೆ ಎದ್ದರೆ ಅಲೆ ಅದಕ್ಕೆ ಬಡಿದು ಹಿಂದಕ್ಕೆ ಚಿಮ್ಮಿ ಬುಡದ ಮರಳನ್ನೇ ಎಳೆದುಕೊಂಡು ಹೋಗುತ್ತದೆ. ಗೋಡೆ ಮುಗಿಯುವ ಜಾಗದಲ್ಲಿ ಕೊರೆತ ಇನ್ನೂ ಜಾಸ್ತಿ. ಆಮೇಲೆ ಅಲ್ಲಿಗೂ ಗೋಡೆ ಬೇಕು. ಬಂದರಿಗಾಗಿ ಕಡಲೊಳಗೆ ಚಾಚಿ ಕಟ್ಟುವ ಬ್ರೇಕ್‌ವಾಟರ್ ಕೂಡ ಹೀಗೇ. ಒಂದು ಮಗ್ಗುಲಲ್ಲಿ ಮರಳು ರಾಶಿ ಬೀಳುತ್ತದೆ, ಇನ್ನೊಂದು ಮಗ್ಗುಲು ಬರಿದಾಗುತ್ತದೆ.

ಇಂಗ್ಲೆಂಡಿನ ಹಾಲ್‌ಸ್ಯಾಂಡ್ಸ್ ಎಂಬ ಮೀನುಗಾರರ ಹಳ್ಳಿಯ ಕಥೆ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. 1897ರಲ್ಲಿ ನೌಕಾಪಡೆಯ ಹಡಗುಕಟ್ಟೆ ವಿಸ್ತರಿಸಲು ಅದರ ಮುಂದಿನ ಕಡಲಿನಿಂದ ಜಲ್ಲಿ ಎತ್ತಲು ಶುರುಮಾಡಿದರು. ತೆಗೆದದ್ದನ್ನು ಕಡಲೇ ತುಂಬಿಕೊಡುತ್ತದೆ ಅನ್ನುವುದು ಆಗಿನ ಲೆಕ್ಕ. ಆದರೆ ಆ ಜಲ್ಲಿ ಸಾವಿರಾರು ವರ್ಷಗಳ ಹಿಂದೆ ಬಂದು ಕೂತದ್ದು, ಹೊಸದು ಬರುವಂತಿರಲಿಲ್ಲ. ದಂಡೆ ತಗ್ಗಿತು. ಊರಿನವರು ಗಲಾಟೆ ಮಾಡಿ 1902ರಲ್ಲಿ ಅದನ್ನು ನಿಲ್ಲಿಸಿದರು, ಅಷ್ಟರಲ್ಲಿ ತಡವಾಗಿತ್ತು. 1917ರ ಜನವರಿಯ ಬಿರುಗಾಳಿಗೆ ಕಟ್ಟಿಕೊಂಡಿದ್ದ ತಡೆಗಳು ನಿಲ್ಲಲಿಲ್ಲ. ಆ ವರ್ಷ ಮುಗಿಯುವ ಹೊತ್ತಿಗೆ ವಾಸಕ್ಕೆ ಉಳಿದದ್ದು ಒಂದೇ ಮನೆ.

ಕಾರಣ ಕಡಲ ಹತ್ತಿರವೇ ಇರಬೇಕು ಅಂತಲೂ ಇಲ್ಲ. 1970ರಲ್ಲಿ ಮುಗಿದ ಈಜಿಪ್ಟಿನ ಆಸ್ವಾನ್ ಅಣೆಕಟ್ಟು ನೈಲ್ ನದಿಯ ಹೂಳನ್ನು ಹಿಡಿದಿಟ್ಟುಕೊಂಡಿತು. ನೂರಾರು ಕಿಲೋಮೀಟರ್ ಕೆಳಗೆ, ನದಿ ಕಡಲು ಸೇರುವ ಕಡೆ ದಡ ಕರಗುತ್ತಾ ಬಂತು. ದಡಕ್ಕೆ ಬೇಕಾದ ಮರಳು ನದಿಯಿಂದಲೂ ಬರುತ್ತದೆ. ಹಾಗಾಗಿ ನದಿಯ ಮರಳು ಬಗೆಯುವುದನ್ನು ನಿಲ್ಲಿಸದೆ ತೀರ ಕಾಯುವ ಮಾತಾಡಿ ಏನು ಪ್ರಯೋಜನ?

ನನ್ನ ಪ್ರಕಾರ ಮೊದಲ ಕೆಲಸ ಕಟ್ಟಡಗಳನ್ನು ದಡದಿಂದ ಹಿಂದೆ ಇಡುವುದು. ಕಡಲಿಗೆ ಓಡಾಡಲು ಜಾಗ ಬೇಕು. ಮರಳು ದಿಬ್ಬ ಮತ್ತು ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳನ್ನು ಮುಟ್ಟಬಾರದು, ಅಲೆಯ ರಭಸ ತಗ್ಗಿಸುವುದು ಅವೇ. ಈಗಾಗಲೇ ಕೊರೆತ ಇರುವ ಕಡೆ ಮರಳನ್ನೇ ವಾಪಸ್ ಕೊಡಬಹುದು. ನೆದರ್ಲೆಂಡ್ಸ್‌ನಲ್ಲಿ 2011ರಲ್ಲಿ ಸುಮಾರು 2.15 ಕೋಟಿ ಘನ ಮೀಟರ್ ಮರಳನ್ನು ಒಂದೇ ಕಡೆ ಸುರಿದು, ಹಂಚುವ ಕೆಲಸವನ್ನು ಗಾಳಿಗೂ ಅಲೆಗೂ ಬಿಟ್ಟರು. ತುಂಬಾ ದುಬಾರಿ, ಎಲ್ಲರಿಗೂ ಆಗದು. ಊರೇ ಬೆಳೆದುಬಿಟ್ಟಿರುವ ಕಡೆ ಗೋಡೆ ಬೇಡ ಅಂತಲೂ ನಾನು ಹೇಳಲಾರೆ.

ನೀವು ಬೀಚ್ ಸ್ವಚ್ಛ ಮಾಡಲು ಹೋದರೆ ಒಂದು ಮಾತು. ಪ್ಲಾಸ್ಟಿಕ್, ಹರಿದ ಬಲೆ ಎಲ್ಲ ಕೈಯಲ್ಲೇ ಆರಿಸಿ ತೆಗೆಯಿರಿ. ಅಲೆ ತಂದು ಹಾಕಿದ ಪಾಚಿಯನ್ನು ಮಾತ್ರ ಅಲ್ಲೇ ಬಿಡಿ. ನೋಡಲು ಗಲೀಜು ಅನಿಸುತ್ತದೆ, ಅಲ್ವಾ? ಆದರೆ ಗಾಳಿಗೆ ಹಾರುವ ಮರಳು ಸಿಕ್ಕಿಕೊಳ್ಳುವುದು ಅದರಲ್ಲೇ. ಹೊಸ ದಿಬ್ಬ ಅಲ್ಲಿಂದಲೇ ಏಳಲು ಶುರುವಾಗುತ್ತದೆ.